ಇನ್ನೂರು ವರ್ಷ ಹಳೆಯ ಬಂದೂಕನ್ನು ಈಗಲೂ ಯಾಕೆ ಹಾರಿಸುತ್ತಾರೆ?

ಅದನ್ನು ಸರಿಯಾಗಿ ಹಾರಿಸೋದು ನಿಜಕ್ಕೂ ಕಷ್ಟ, ಅದೇ ಅದರ ಸೆಳೆತ. 18ನೇ ಶತಮಾನದ ಬ್ರಿಟಿಷ್ ಸೈನಿಕರ 'ಬ್ರೌನ್ ಬೆಸ್' ಕೋವಿಯನ್ನೇ ತಗೊಳ್ಳಿ. ನಳಿಗೆಯ ಬಾಯಿಂದ ಮದ್ದು, ಗುಂಡು ಹಾಕಿ ಕೋಲಿನಿಂದ ಗಿಡಿಯಬೇಕು. ಕೋವಿಯ ಕುದುರೆ (ಟ್ರಿಗರ್) ಎಳೆದಾಗ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತದೆ. ಮೊದಲು ಹೊರಗಿನ ಪುಟ್ಟ ತಟ್ಟೆಯ ಮದ್ದು ಹೊತ್ತಿಕೊಳ್ಳುತ್ತದೆ. ಆಮೇಲೆ ಸಣ್ಣ ತೂತಿನ ಮೂಲಕ ಬೆಂಕಿ ಒಳಗಿನ ಮದ್ದಿಗೆ ಹೋಗುತ್ತದೆ. ಹಾಗಾಗಿ ಗುಂಡು ಹೊರಡೋದು ಒಂದು ಕ್ಷಣ ತಡ. ಕಣ್ಣೆದುರೇ ಬೆಂಕಿ ಭಗ್ ಅಂದರೂ ಅಷ್ಟು ಹೊತ್ತು ಕೈ ಅಲುಗಬಾರದು! ಆ ಹಿಡಿತ ಬಂದ ದಿನದ ಖುಷಿಯೇ ಬೇರೆ.

ಪಳಗಿದ ಸೈನಿಕ ನಿಮಿಷಕ್ಕೆ ಸುಮಾರು 3 ಗುಂಡು ಹಾರಿಸುತ್ತಿದ್ದ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಬ್ರಿಟಿಷರ ಕೈಯಲ್ಲಿದ್ದದ್ದೂ ಇದೇ ಬಗೆಯ ಕೋವಿ. ಸಂಗ್ರಹಿಸುವವರಿಗೆ ಬೇಕಾದದ್ದು ಆ ನಂಟು. ಅಪರೂಪದ ಅಸಲಿಯನ್ನು ಕಾಪಾಡಿ, ಹಾರಿಸೋಕೆ ಹೊಸದಾಗಿ ಮಾಡಿದ ಪ್ರತಿಯನ್ನು ಬಳಸುವವರೂ ಇದ್ದಾರೆ.