ಲೇಸರ್‌ನಿಂದ ಮುಖದ ಕೂದಲು ತೆಗೆಸೋಕೆ ಯಾಕೆ ಅಷ್ಟೊಂದು ಸಲ ಹೋಗಬೇಕು? ನಮ್ಮ ಬಣ್ಣದ ಚರ್ಮ ಸುಡಲ್ವಾ?

ಲೇಸರ್ ಬೆಳಕನ್ನು ಹೀರಿಕೊಳ್ಳುವುದು ಕೂದಲಿನ ಕಪ್ಪು, ಅಂದರೆ ಮೆಲನಿನ್. ಆ ಬಿಸಿಗೆ ಕೂದಲಿನ ಬುಡ ಸುಡುತ್ತದೆ. ಆದರೆ ಆಗ ಬೆಳೆಯುತ್ತಿರುವ ಕೂದಲಿಗೆ ಮಾತ್ರ ಇದು ಸರಿಯಾಗಿ ತಾಗುತ್ತದೆ. ಉಳಿದವು ಚಿಗುರುವವರೆಗೆ ಕಾಯಲೇಬೇಕು. ಅದಕ್ಕೇ 4ರಿಂದ 6 ವಾರಕ್ಕೊಮ್ಮೆ, ಸಾಮಾನ್ಯವಾಗಿ 6ರಿಂದ 8 ಸಲ. ಪ್ರತಿ ಹೊಡೆತವೂ ರಬ್ಬರ್ ಬ್ಯಾಂಡ್ ಚಟ್ ಅಂತ ಬಡಿದಂತೆ ಇರುತ್ತದೆ.

ನಿಮ್ಮ ಭಯ ಸುಮ್ನೆ ಅಲ್ಲ. ಚರ್ಮದಲ್ಲೂ ಮೆಲನಿನ್ ಇದೆ ಅಲ್ವಾ? ತಪ್ಪು ಯಂತ್ರ ಬಳಸಿದರೆ ಗುಳ್ಳೆ ಎದ್ದು ಕಲೆ ಉಳಿಯಬಹುದು. 1064 ನ್ಯಾನೋಮೀಟರ್ ತರಂಗಾಂತರದ ಎನ್‌ಡಿ-ಯಾಗ್ ಲೇಸರ್ ಮೇಲ್ಪದರದಲ್ಲಿ ಜಾಸ್ತಿ ನಿಲ್ಲದೆ ಆಳಕ್ಕೆ ಇಳಿಯುತ್ತದೆ. ಹಾಗಾಗಿ ಕಪ್ಪು, ಗೋಧಿ ಬಣ್ಣದವರಿಗೆ ಅದೇ ಹೆಚ್ಚು ಸುರಕ್ಷಿತ. ಯಾವ ಲೇಸರ್ ಅಂತ ಮೊದಲೇ ಕೇಳಿ, ಹೇಳದಿದ್ದರೆ ಎದ್ದು ಬನ್ನಿ. ದವಡೆಯ ಪಕ್ಕ ಸಣ್ಣ ಜಾಗದಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿ. ಬಿಸಿಲಿಗೆ ಕಂದಿದ ಮುಖಕ್ಕೆ ಮಾಡಿಸಬೇಡಿ.

ಲೇಸರ್‌ಗೂ ಮುಂಚಿನ ವಾರಗಳಲ್ಲಿ ಥ್ರೆಡಿಂಗ್, ವ್ಯಾಕ್ಸಿಂಗ್ ಬೇಡ. ಕೂದಲು ಬುಡಸಮೇತ ಕಿತ್ತುಬಂದರೆ ಲೇಸರ್‌ಗೆ ಗುರಿಯೇ ಇರುವುದಿಲ್ಲ. ರೇಜರ್ ಪರವಾಗಿಲ್ಲ. ನರೆತ ಕೂದಲಿಗಂತೂ ಇದು ನಾಟುವುದಿಲ್ಲ.

ಗದ್ದದಲ್ಲಿ ದಪ್ಪ ಕೂದಲು ಬಂದು ಮುಟ್ಟೂ ಏರುಪೇರಾಗಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ಏರುಪೇರು) ಇದ್ದರೆ ಲೇಸರ್ ಆದ ಮೇಲೂ ಹೊಸ ಕೂದಲು ಬರುತ್ತಿರುತ್ತದೆ.