ಬೋರ್ಡೋ (ಮೈಲುತುತ್ತ ಅಂದ್ರೆ ತಾಮ್ರದ ಸಲ್ಫೇಟು, ಸುಣ್ಣ ಕಲಸಿದ ದ್ರಾವಣ) ಹೊಡೆದ್ರೂ ಅಡಿಕೆಗೆ ಕೊಳೆರೋಗ ಬಂದಿದೆ, ಬೇರೆ ಔಷಧಿಗೆ ಹೋಗ್ಲಾ?

ಔಷಧಿ ಬದಲಾಯಿಸೋ ಮುಂಚೆ ನೀವೇ ಬರೆದಿರೋದನ್ನ ಇನ್ನೊಂದ್ಸಲ ಓದ್ಕೊಳ್ಳಿ. "ಮಳೆ ಹಿಡೀತು, ಕೊನೆಗೌಡ (ಮರ ಹತ್ತಿ ಔಷಧಿ ಹೊಡೆಯೋನು) ಸಿಗ್ಲಿಲ್ಲ, ಜುಲೈ ಕೊನೇಲಿ ಬಿಡುವು ಸಿಕ್ಕಾಗ ಹೊಡೆಸಿದೆ, ಆಗ್ಲೇ ಸ್ವಲ್ಪ ಕಾಯಿ ಉದುರ್ತಿತ್ತು" ಅಂದಿದೀರಿ. ಅಲ್ಲೇ ಕೆಟ್ಟಿರೋದು.

ಬೋರ್ಡೋ ಬಂದ ರೋಗನ ವಾಸಿ ಮಾಡಲ್ಲ. ಕಾಯಿ ಮೇಲೆ ತಾಮ್ರದ್ದೊಂದು ಪದರ ಕೂರಿಸತ್ತೆ, ಅಷ್ಟೇ ಅದರ ಕೆಲಸ. ಕೊಳೆ ತರೋದು ಫೈಟಾಫ್ತೊರಾ ಅನ್ನೋ ಶಿಲೀಂಧ್ರದಂಥ ರೋಗಾಣು, ಅದರ ಬೀಜಾಣುಗಳು ಕಾಯಿ ಮೇಲಿನ ನೀರಲ್ಲಿ ಈಜ್ಕೊಂಡು ಹೋಗಿ ಒಳಗೆ ಹೊಗ್ತವೆ, ಹೊಗೋಕ್ ಮುಂಚೆ ತಾಮ್ರ ಸಿಕ್ರೆ ಸಾಯ್ತವೆ, ಒಳಗೆ ಸೇರ್ಕೊಂಡ್ಮೇಲೆ ನೀವು ಮೇಲೆ ಎಷ್ಟು ಹೊಡೆದ್ರೂ ತಾಗಲ್ಲ. ಉದುರಿದ ಕಾಯಿ ಎತ್ತಿ ನೋಡಿ, ತೊಟ್ಟಿನ ಕಡೆ ನೀರು ಕುಡಿದ ಹಾಗೆ ಕಡು ಹಸಿರು ಕಲೆ ಇರತ್ತೆ, ಹಾಗೇ ಬಿಟ್ರೆ ಬಿಳೀ ಬೂಷ್ಟು ಬರತ್ತೆ. ಅದೇ ಕೊಳೆ.

ಈ ರೋಗದ ಕಾರಣನ ನಮಗೆ ಕಂಡುಹಿಡಿದು ಕೊಟ್ಟವ್ರು ಲೆಸ್ಲಿ ಕೋಲ್ಮನ್, ಕೆನಡಾದವ್ರು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು ಕೊಳೆರೋಗದ ಹಿಂದೆ ಬಿದ್ದು 1910ರಲ್ಲಿ ವರದಿ ಬರೆದ್ರು. ಅದಕ್ಕೂ ಮುಂಚೆ ಅಡಿಕೆ ಕೊನೆಗೆ (ಗೊಂಚಲಿಗೆ) ಮಳೆ ತಾಗ್ದೇ ಇರ್ಲಿ ಅಂತ ಕೊಟ್ಟೆ, ಅಂದ್ರೆ ಮೇಲೊಂದು ಹೊದಿಕೆ, ಕಟ್ತಿದ್ರು. ಫ್ರಾನ್ಸಲ್ಲಿ ದ್ರಾಕ್ಷಿಗೆ ಹೊಡೀತಿದ್ದ ಬೋರ್ಡೋ ನಮ್ಮ ಅಡಿಕೆಗೂ ಬಂತು. ನೂರು ವರ್ಷದ ಮೇಲಾದ್ರೂ ಅದು ಕೈಕೊಟ್ಟಿಲ್ಲ. ಮೆಟಲಾಕ್ಸಿಲ್ ಥರ ಒಳಗೆ ಇಳಿಯೋ ಔಷಧಿನೇ ಪದೇಪದೇ ಹೊಡೆದ್ರೆ ರೋಗಾಣು ಅದಕ್ಕೆ ಒಗ್ಗಿಹೋಗತ್ತೆ, ಆಲೂಗಡ್ಡೇಲಿ ಹಾಗೇ ಆಗಿದೆ, ಅದಕ್ಕೇ ಬೋರ್ಡೋ ಬಿಡ್ಬೇಡಿ ಅಂತ ನಾನು ಇಷ್ಟು ಹೇಳ್ತಿರೋದು.

ಕಲಸೋದ್ರಲ್ಲೂ ಎಡವಟ್ಟಾಗತ್ತೆ. ನೂರು ಲೀಟರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಲ್ಲಿ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ಹಾಕ್ತಾ ತಿರುಗಿಸ್ಬೇಕು, ಉಲ್ಟಾ ಬೇಡ. ಸುಣ್ಣ ಹಳೇ ಪ್ಯಾಕೆಟ್ದಾಗಿದ್ರೆ ಸತ್ವ ಇರಲ್ಲ, ಒಳ್ಳೇ ಚಿಪ್ಪು ಸುಣ್ಣ ತಗೊಳ್ಳಿ. ಉಜ್ಜಿದ ಕಬ್ಬಿಣದ ಚೂರಿ ಒಂದು ನಿಮಿಷ ಅದ್ದಿ ತೆಗೀರಿ, ಅಲಗಿಗೆ ಕೆಂಪು ತಾಮ್ರ ಹತ್ತಿದ್ರೆ ಸುಣ್ಣ ಕಡಿಮೆ ಆಗಿದೆ, ಇನ್ನಷ್ಟು ಹಾಕಿ. ಕಲಸಿದ್ದು ಅವತ್ತೇ ಖಾಲಿ ಮಾಡಿ.

ಮುಂದಿನ ವರ್ಷ ಮುಂಗಾರು ಹಿಡಿಯೋ ಮುಂಚೆನೇ ಮೊದಲನೇದು, 40-45 ದಿನಕ್ಕೆ ಎರಡನೇದು, ಮಳೆ ಎಳೀತಾ ಹೋದ್ರೆ ಮೂರನೇದು. ಈ ವರ್ಷಕ್ಕೆ ಈಗ ಆಗೋದು ಅಂದ್ರೆ ಉದುರಿದ್ದೆಲ್ಲಾ ಆರಿಸಿ ತೋಟದಿಂದ ಹೊರಗೆ ಹಾಕಿ, ಕೊಳೆತ ಕೊನೆ ಇಳಿಸಿ, ಬಸಿಗಾಲುವೆ ಕಟ್ಟಿದ್ರೆ ಬಿಡಿಸಿ, ಮಳೆ ಬಿಟ್ಟ ದಿನ ಇನ್ನೊಂದ್ಸಲ ಹೊಡೆಸಿ, ಉಳಿದ ಕಾಯಾದ್ರೂ ಉಳೀತವೆ. ಸುಳಿ ಹಳದಿಯಾಗಿ ಎಳೆದ್ರೆ ಕಿತ್ತು ಬರೋ ಮರ ಇದ್ರೆ ಮೊದಲು ಅದನ್ನ ನೋಡಿ, ಅಲ್ಲಿ ಹೋಗೋದು ಫಸಲಲ್ಲ, ಮರಾನೇ.