ಮ್ಯಾಂಚೆಸ್ಟರ್‌ಗೆ ಹೊರಟ ಶಿರಸಿಯ ತಂಗಿಗೆ

ಮ್ಯಾಂಚೆಸ್ಟರ್‌ನಿಂದ ರಜೆಗೆಂದು ಅಂಕೋಲೆಗೆ ಬಂದಿದ್ದೇನೆ. ನಿನ್ನೆ ಸಂಜೆ ಕರಿ ಈಶಾಡು ಮಾವಿನ ಬುಟ್ಟಿ ಹಿಡಿದು ಪೇಟೆಯಿಂದ ಮನೆಗೆ ಮರಳುವಾಗ ನಿಮ್ಮ ಪ್ರಶ್ನೆ ಸಿಕ್ಕಿತು. ನರ್ಸ್ ಕೆಲಸ ದೊರೆತು, ಗಂಡ ಮತ್ತು ಹನ್ನೆರಡು ವರ್ಷದ ಮಗನೊಂದಿಗೆ ಮ್ಯಾಂಚೆಸ್ಟರ್‌ಗೆ ಹೊರಟಿದ್ದೀರಿ. ಕೈಗೆಟುಕುವ ಬಾಡಿಗೆಯ ಮನೆ ಕಂಡದ್ದು ಅಲ್ಲಿನ ಮಾಸ್ ಸೈಡ್ ಬಡಾವಣೆಯಲ್ಲಿ. ಆ ಹೆಸರನ್ನು ಹುಡುಕಿದರೆ ಬಂದೂಕು, ಗ್ಯಾಂಗು, ಕೊಲೆ ಎಂದೇ ಬರುತ್ತದೆ. ಅಲ್ಲಿನ ಸರ್ಕಾರ ಮತ್ತು ಪೊಲೀಸರು ಏನು ಮಾಡುತ್ತಿದ್ದಾರೆ, ಮಗನನ್ನು ಕರೆದೊಯ್ಯಬಹುದೇ ಎಂದು ಕೇಳಿದ್ದೀರಿ. ಕರೆದುಕೊಂಡು ಹೋಗಿ. ಆದರೆ ಕೆಲವು ಸಂಗತಿಗಳನ್ನು ತಿಳಿದುಕೊಂಡು ಹೋಗಿ.

ಶಿರಸಿ, ಸಿದ್ದಾಪುರದ ಕಡೆಯವರಿಗೆ ಕೋವಿ ಹೊಸದಲ್ಲ. ಕಾಡುಹಂದಿ, ಮಂಗಗಳಿಂದ ತೋಟ ಕಾಯಲು ಪರವಾನಗಿ ಪಡೆದು ಇಟ್ಟುಕೊಂಡ ಕೋವಿ, ಚುನಾವಣೆ ಬಂತೆಂದರೆ ಠಾಣೆಗೆ ಹೋಗಿ ಕೂರುತ್ತದೆ. ಬ್ರಿಟನ್ನಿನಲ್ಲಿ ಕಥೆ ಬೇರೆ. 1996ರ ಮಾರ್ಚ್‌ನಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್‌ನಲ್ಲಿ ಒಬ್ಬ ಶಾಲೆಗೆ ನುಗ್ಗಿ 16 ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಕೊಂದ. ಮರುವರ್ಷವೇ ಖಾಸಗಿಯವರು ಪಿಸ್ತೂಲು ಇಟ್ಟುಕೊಳ್ಳುವುದನ್ನು ಅಲ್ಲಿ ನಿಷೇಧಿಸಿದರು; ಜನ ಒಂದೂವರೆ ಲಕ್ಷಕ್ಕೂ ಹೆಚ್ಚು ಪಿಸ್ತೂಲುಗಳನ್ನು ತಂದು ಒಪ್ಪಿಸಿದರು. ಹಾಗಾಗಿ ಗ್ಯಾಂಗುಗಳ ಕೈಗೆ ಬಂದೂಕು ಸುಲಭವಾಗಿ ಸಿಗುವುದಿಲ್ಲ. ಸಿಕ್ಕಿದ್ದನ್ನು ಬಚ್ಚಿಡುತ್ತಾರೆ, ಬಾಡಿಗೆಗೆ ಕೊಡುತ್ತಾರೆ, ಒಂದೇ ಬಂದೂಕನ್ನು ಹತ್ತು ಕೈ ದಾಟಿಸುತ್ತಾರೆ. ಸದ್ದು ಮಾತ್ರ ಮಾಡುವ ಪಿಸ್ತೂಲನ್ನು ಕೊರೆದು ಕೊಲ್ಲುವ ಆಯುಧವಾಗಿ ಮಾರ್ಪಡಿಸುತ್ತಾರೆ. ಟರ್ಕಿಯಲ್ಲಿ ತಯಾರಾದ ಅಂಥ ಕೆಲವು ಮಾದರಿಗಳನ್ನು ಶಿಕ್ಷೆಯ ಭಯವಿಲ್ಲದೆ ಒಪ್ಪಿಸಿ ಎಂದು 2025ರ ಫೆಬ್ರುವರಿಯಲ್ಲಿ ಪೊಲೀಸರು ಅವಕಾಶ ಕೊಟ್ಟಿದ್ದರು.

ಬಂದೂಕು ವಿರಳವಾದದ್ದೇ ಪೊಲೀಸರಿಗೆ ಅನುಕೂಲ. ಹಾರಿಸಿದ ಪ್ರತಿ ತೋಟಾದ ಮೇಲೂ ಆ ಬಂದೂಕಿನ ಗುರುತು ಉಳಿಯುತ್ತದೆ. 2008ರಲ್ಲಿ ಇದಕ್ಕೆಂದೇ ರಾಷ್ಟ್ರಮಟ್ಟದ ಗುಪ್ತಚರ ಸೇವೆಯೊಂದನ್ನು ಕಟ್ಟಿದರು, ನ್ಯಾಬಿಸ್ ಎನ್ನುತ್ತಾರೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಬಿದ್ದ ತೋಟಾ, ಮ್ಯಾಂಚೆಸ್ಟರ್‌ನಲ್ಲಿ ಬಿದ್ದ ತೋಟಾ ಎರಡೂ ಒಂದೇ ಬಂದೂಕಿನದೇ ಎಂದು ಅವರು ಹೋಲಿಸಿ ಹೇಳುತ್ತಾರೆ. ನಿಷೇಧಿತ ಬಂದೂಕು ಇಟ್ಟುಕೊಂಡು ಸಿಕ್ಕಿಬಿದ್ದ ವಯಸ್ಕನಿಗೆ, ಅದನ್ನು ಹಾರಿಸದಿದ್ದರೂ, ಸಾಮಾನ್ಯವಾಗಿ ಕನಿಷ್ಠ 5 ವರ್ಷ ಜೈಲು. 2003ರ ಕಾನೂನು ಅದು.

ಮ್ಯಾಂಚೆಸ್ಟರನ್ನು ಪತ್ರಿಕೆಗಳು 'ಗನ್‌ಚೆಸ್ಟರ್' ಎಂದು ಕರೆಯುತ್ತಿದ್ದ ಕಾಲದ ಬಾಲವನ್ನು ನಾನು ಕಂಡಿದ್ದೇನೆ. 2004ರಲ್ಲಿ ಅಲ್ಲಿನ ಪೊಲೀಸರು ಎಕ್ಸ್‌ಕ್ಯಾಲಿಬರ್ ಎಂಬ ತಂಡ ಕಟ್ಟಿ ಗ್ಯಾಂಗುಗಳ ಬೆನ್ನು ಹತ್ತಿದರು. 2009ರಲ್ಲಿ ಗೂಚ್ ಗ್ಯಾಂಗಿನ ಇಬ್ಬರು ಮುಖಂಡರಿಗೆ ಕನಿಷ್ಠ 39 ಮತ್ತು 35 ವರ್ಷಗಳ ಜೀವಾವಧಿ ಶಿಕ್ಷೆಯಾಯಿತು. ಆಮೇಲೆ ಪೊಲೀಸರು ದೊಡ್ಡ ಫಲಕಗಳನ್ನು ಹಾಕಿದರು. ಬಿಡುಗಡೆಯಾಗುವ ಹೊತ್ತಿಗೆ ಅವರಿಬ್ಬರೂ ಹೇಗೆ ಕಾಣಬಹುದು ಎಂದು ಕಂಪ್ಯೂಟರಿನಲ್ಲಿ ಮುಪ್ಪು ಬರಿಸಿದ ಮುಖಗಳು. ಅಂಥದೊಂದು ಫಲಕದ ಕೆಳಗೆ ಬಸ್ಸಿಗೆ ಕಾಯುತ್ತಿದ್ದ ಶಾಲಾ ಹುಡುಗರು ತಲೆಯೆತ್ತಿ ನೋಡುತ್ತ ಸುಮ್ಮನಾದದ್ದು ನನಗೆ ಇಂದಿಗೂ ನೆನಪಿದೆ. ಅದಾದ ಮೇಲೆ ಗುಂಡಿನ ಸದ್ದು ಬಹಳ ಕಡಿಮೆಯಾಯಿತು. ನಿಂತೇ ಹೋಯಿತು ಎಂದು ಹೇಳಿದರೆ ಸುಳ್ಳಾದೀತು. 2018ರ ಆಗಸ್ಟ್‌ನಲ್ಲಿ ಅದೇ ಮಾಸ್ ಸೈಡ್‌ನ ಬೀದಿಯಲ್ಲಿ ಉತ್ಸವ ಮುಗಿಸಿ ನಿಂತಿದ್ದ ಹತ್ತು ಮಂದಿ ಗುಂಡೇಟಿನಿಂದ ಗಾಯಗೊಂಡರು.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು. 2003ರ ಜನವರಿ 2ರ ನಸುಕಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ಒಂದು ಪಾರ್ಟಿಯ ಹೊರಗೆ ಇಬ್ಬರು ಹದಿಹರೆಯದ ಹುಡುಗಿಯರು ಗುಂಡಿಗೆ ಬಲಿಯಾದರು. ಯಾರದೋ ಗ್ಯಾಂಗಿನ ಹಗೆಗೆ, ಏನೂ ಅರಿಯದ ಮಕ್ಕಳು. ನೋಡಿದವರಿದ್ದರೂ ಬಾಯಿ ಬಿಡಲು ಜನ ಹೆದರಿದರು. ಕೊನೆಗೆ ಹೆಸರು ಮುಚ್ಚಿಟ್ಟ ಸಾಕ್ಷಿಯ ನೆರವಿನಿಂದ 2005ರಲ್ಲಿ ಶಿಕ್ಷೆಯಾಯಿತು. ಮುಂದೆ 2008ರಲ್ಲಿ, ಬೇರೊಂದು ಪ್ರಕರಣದಲ್ಲಿ, ಹೆಸರಿಲ್ಲದ ಸಾಕ್ಷಿಯನ್ನು ನಂಬಿ ಶಿಕ್ಷಿಸುವುದು ನ್ಯಾಯವಲ್ಲ ಎಂದು ಅಲ್ಲಿನ ಅತ್ಯುನ್ನತ ನ್ಯಾಯಪೀಠ ಹೇಳಿತು. ಸರ್ಕಾರ ಕೆಲವೇ ವಾರಗಳಲ್ಲಿ ಹೊಸ ಕಾನೂನು ತಂದು, ಕಟ್ಟುನಿಟ್ಟಿನ ಷರತ್ತುಗಳೊಂದಿಗೆ ಸಾಕ್ಷಿಯ ಗುರುತು ಕಾಯುವ ದಾರಿ ಮಾಡಿತು. ಸಾಕ್ಷಿಯೇ ಇಲ್ಲದಿದ್ದರೆ ಎಂಥ ದಳ ಕಟ್ಟಿದರೂ ಪ್ರಯೋಜನವಿಲ್ಲ ಎಂದು ಅವರಿಗೆ ಗೊತ್ತಿತ್ತು.

ನನಗೆ ಗೊತ್ತಿರಲಿಲ್ಲ. ನಾವು ಹೋದ ಹೊಸತರಲ್ಲಿ ಒಂದು ರಾತ್ರಿ ನಮ್ಮ ಬೀದಿಯಲ್ಲೇ ಗುಂಡು ಹಾರಿತು. ಮರುದಿನ ಪೊಲೀಸರು ಮನೆಮನೆಯ ಬಾಗಿಲು ತಟ್ಟಿದರು. ನನ್ನ ಹೆಂಡತಿ ಕಿಟಕಿಯಿಂದ ಕಾರೊಂದನ್ನು ನೋಡಿದ್ದಳು. ನಾನು ಬಾಗಿಲಲ್ಲೇ ನಿಂತು, ಏನೂ ನೋಡಿಲ್ಲ, ಏನೂ ಕೇಳಿಲ್ಲ ಎಂದು ಹೇಳಿ ಕಳಿಸಿದೆ. ಪರದೇಶ, ನಮಗೇಕೆ ಬೇಕು ಎಂಬ ಯೋಚನೆ. ಅವಳು ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ನಾಲ್ಕನೆಯ ದಿನ ಕ್ರೈಮ್‌ಸ್ಟಾಪರ್ಸ್‌ಗೆ ಅವಳೇ ಫೋನ್ ಮಾಡಿದಳು. ಅದು ಪೊಲೀಸರದ್ದಲ್ಲ, 1988ರಿಂದ ಇರುವ ದತ್ತಿ ಸಂಸ್ಥೆ, ಹೆಸರು ಕೇಳುವುದಿಲ್ಲ. ಸಂಖ್ಯೆ 0800 555 111. ಬರೆದಿಟ್ಟುಕೊಳ್ಳಿ. ಅವಳು ಮಾಡಿದ್ದನ್ನು ನಾನು ಮೊದಲ ದಿನವೇ ಮಾಡಬೇಕಿತ್ತು.

2013ರ ಡಿಸೆಂಬರ್ 21ರಂದು ಇದೇ ಅಂಕೋಲೆಯಲ್ಲಿ ಉದ್ಯಮಿ ಆರ್. ಎನ್. ನಾಯಕರನ್ನು ಗುಂಡಿಟ್ಟು ಕೊಂದಾಗ ನಾನು ಮ್ಯಾಂಚೆಸ್ಟರ್‌ನಲ್ಲಿದ್ದೆ. ಅಮ್ಮ ಫೋನಿನಲ್ಲಿ, 'ಯಾರ ಹತ್ತಿರವೂ ಇದರ ಸುದ್ದಿ ಎತ್ತಬೇಡ' ಎಂದಳು. ನಾನು ಆ ಬಾಗಿಲಲ್ಲಿ ನಿಂತು ಆಡಿದ್ದೂ ಇದೇ ಮಾತನ್ನಲ್ಲವೇ ಅನ್ನಿಸಿತು. ಸುಲಿಗೆಯ ಹಣಕ್ಕಾಗಿ ನಡೆದ ಆ ಕೊಲೆಯ ಸೂತ್ರಧಾರ ಬನ್ನಂಜೆ ರಾಜಾನನ್ನು 2015ರಲ್ಲಿ ಮೊರಾಕ್ಕೊದಿಂದ ಹಿಡಿದು ತಂದರು. ಸಂಘಟಿತ ಅಪರಾಧ ತಡೆ ಕಾಯ್ದೆ ಕೋಕಾದಡಿ ಬೆಳಗಾವಿಯ ವಿಶೇಷ ನ್ಯಾಯಾಲಯ 2022ರಲ್ಲಿ ಅವನಿಗೂ ಸಹಚರರಿಗೂ ಜೀವಾವಧಿ ವಿಧಿಸಿತು. ಎಂಟು ವರ್ಷಕ್ಕೂ ಹೆಚ್ಚು ಕಾಲ ಹಿಡಿದರೂ ಶಿಕ್ಷೆ ಆಯಿತು. ಬಂದೂಕಿನ ಗ್ಯಾಂಗು ಪರದೇಶದ ರೋಗ ಎಂದು ಭಾವಿಸಿ ಹೆದರಬೇಡಿ. ನಮ್ಮ ಕರಾವಳಿಯೂ ಅದನ್ನು ಕಂಡಿದೆ.

ಮಗನ ವಿಷಯದಲ್ಲಿ ಮಾತ್ರ ಕಣ್ಣಿಟ್ಟಿರಿ. ಗ್ಯಾಂಗಿನ ದೊಡ್ಡವರು ಬಂದೂಕನ್ನು ತಾವು ಇಟ್ಟುಕೊಳ್ಳುವುದಿಲ್ಲ. ಹುಡುಗರ ಕೈಗೋ ಗೆಳತಿಯ ಕಪಾಟಿಗೋ ಸೇರಿಸುತ್ತಾರೆ. ಹೀಗೆ ಇನ್ನೊಬ್ಬರಿಂದ ಆಯುಧ ಕಾಯಿಸುವುದನ್ನೇ 2006ರ ಕಾನೂನು ಪ್ರತ್ಯೇಕ ಅಪರಾಧವೆಂದು ಹೇಳಿದೆ. ಮೊದಲು ಹೊಸ ಶೂ, ದುಬಾರಿ ಮೊಬೈಲ್. ಆಮೇಲೆ 'ಈ ಚೀಲ ಎರಡು ದಿನ ಇಟ್ಟುಕೋ'. ಯಾರ ಚೀಲವನ್ನೂ ಮನೆಯಲ್ಲಿ ಇಡಬೇಡಿ, ಬ್ಯಾಂಕ್ ಖಾತೆಯನ್ನು ಯಾರಿಗೂ ಬಳಸಲು ಕೊಡಬೇಡಿ. ಶಾಲೆ ಬಿಟ್ಟ ಮೇಲೆ ಮಗ ಎಲ್ಲಿರುತ್ತಾನೆ ಎಂಬುದು ನಿಮಗೆ ಗೊತ್ತಿರಲಿ. ರಾತ್ರಿ ಪಾಳಿಯ ದಣಿವಿನಲ್ಲಿ ಇದು ಕಷ್ಟ, ಆದರೂ.

ಸರ್ಕಾರದ ಮೇಲೆ ನನಗೆ ಸಿಟ್ಟೂ ಇದೆ. 2010ರ ನಂತರ ಮಿತವ್ಯಯದ ಹೆಸರಿನಲ್ಲಿ ಸುಮಾರು 20,000 ಪೊಲೀಸ್ ಹುದ್ದೆಗಳನ್ನು ಕಡಿದರು, ಹುಡುಗರು ಸಂಜೆ ಕಳೆಯುತ್ತಿದ್ದ ಯುವಕ ಕೇಂದ್ರಗಳಿಗೆ ಬೀಗ ಹಾಕಿದರು. 2019ರಿಂದ ಅಷ್ಟೇ ಪೊಲೀಸರನ್ನು ಮತ್ತೆ ನೇಮಿಸಿದರು. ಬೀದಿಯ ಪರಿಚಯವಿದ್ದ ಹಳಬರು ಮರಳಿ ಬರಲಿಲ್ಲ. ತಡೆದು ತಪಾಸಣೆ ಮಾಡುವಾಗ ಕಪ್ಪು ಹುಡುಗರನ್ನೇ ಹೆಚ್ಚು ನಿಲ್ಲಿಸುತ್ತಾರೆ. ಪದೇ ಪದೇ ಹಾಗೆ ನಿಂತ ಹುಡುಗನ ತಾಯಿ ನಾಳೆ ಸಾಕ್ಷಿ ಹೇಳಲು ಹೇಗೆ ಬಂದಾಳು? ಮಾಡಿದ ಒಳ್ಳೆಯ ಕೆಲಸವೂ ಇದೆ: ಅಪರಾಧಿಗಳ ಗುಪ್ತ ಫೋನ್ ಜಾಲ ಎನ್ಕ್ರೋಚಾಟ್ ಒಡೆದಾಗ, 2020ರ ಜುಲೈ ಹೊತ್ತಿಗೆ ಬ್ರಿಟನ್ನಿನಲ್ಲಿ 746 ಮಂದಿ ಬಂಧನಕ್ಕೊಳಗಾಗಿ 77 ಬಂದೂಕುಗಳು ಸಿಕ್ಕಿದ್ದವು.

ಮಾಸ್ ಸೈಡ್ ಮನೆಯನ್ನು ಹೆಸರು ಕೇಳಿಯೇ ಬಿಡಬೇಡಿ, ನೋಡದೆ ಮುಂಗಡವನ್ನೂ ಕೊಡಬೇಡಿ. ಮೊದಲ ತಿಂಗಳು ಆಸ್ಪತ್ರೆಯ ವಸತಿ ಸಿಗುತ್ತದೆಯೇ ಕೇಳಿ. ಜೂನ್ ಎರಡನೆಯ ವಾರ ನಾನು ಮರಳುತ್ತೇನೆ. ನೀವು ಬಂದಿಳಿದ ಮೇಲೆ ತಿಳಿಸಿ. ಒಂದು ಸಂಜೆ, ಕತ್ತಲಾದ ಮೇಲೆ, ನಾನೂ ನನ್ನ ಹೆಂಡತಿಯೂ ಬಂದು ಆ ಬೀದಿಯಲ್ಲಿ ನಿಮ್ಮೊಂದಿಗೆ ನಡೆದು ನೋಡುತ್ತೇವೆ.